ಹತ್ತಿ ಬೆಳೆದವರ ಕೈಗೆ ಬಂದದ್ದೆಷ್ಟು?

ಕುಮಟೆಯಲ್ಲಿ ಹತ್ತಿ ಬೆಳೆಯುವುದಿಲ್ಲ. ಅದು ಭತ್ತ, ತೆಂಗು, ಮೀನಿನ ಸೀಮೆ. ಆದರೂ ಹತ್ತೊಂಬತ್ತನೇ ಶತಮಾನದ ಹತ್ತಿ ಪೇಟೆಯಲ್ಲಿ ‘ಕುಮಟಾ ಹತ್ತಿ’ ಅಂದರೆ ಹೆಸರುವಾಸಿ ಮಾಲು. ಬೆಳೆದದ್ದು ಹುಬ್ಬಳ್ಳಿ, ನವಲಗುಂದ, ಗದಗ, ರೋಣದ ಎರೆಭೂಮಿಯಲ್ಲಿ. ಎತ್ತಿನ ಬೆನ್ನೇರಿ, ಬಂಡಿಯೇರಿ ಘಟ್ಟ ಇಳಿದು ಕುಮಟೆಯಲ್ಲಿ ಹಡಗು ಹತ್ತುತ್ತಿತ್ತು. ಹೀಗಾಗಿ ಬೆಳೆದ ಊರಿನ ಹೆಸರು ಹೋಗಿ ಸಾಗಿಸಿದ ಊರಿನ ಹೆಸರು ನಿಂತಿತು. ಹೆಸರಷ್ಟೇ ಹೋಗಿದ್ದರೆ ಯಾರೂ ತಲೆ ಕೆಡಿಸಿಕೊಳ್ಳಬೇಕಿರಲಿಲ್ಲ. ಅದರ ಹಿಂದೆ ದರ, ತೂಕ, ಬೀಜ ಎಲ್ಲದರ ಮೇಲಿನ ಹಿಡಿತವೂ ಹೋಯಿತು. ಅದನ್ನು ವಾಪಸು ತರಲು ಹುಬ್ಬಳ್ಳಿ–ಧಾರವಾಡ ಸೀಮೆಯ ಜನ ನೂರಿಪ್ಪತ್ತು ವರ್ಷಗಳಿಂದ ಒಂದಲ್ಲ ಒಂದು ಪ್ರಯತ್ನ ಮಾಡುತ್ತಲೇ ಇದ್ದಾರೆ. ಪರಿಸರಕ್ಕೂ ಬಡವರಿಗೂ ಒಗ್ಗುವ ಹೊಸ ಅರ್ಥವ್ಯವಸ್ಥೆ ಬೇಕು ಎಂದು ಈಗ ದೊಡ್ಡ ಸಭೆಗಳಲ್ಲಿ ಮಾತಾಡುತ್ತಾರಲ್ಲ, ಆ ಮಾತಿಗೆ ಬೇಕಾದ ಅನುಭವವೆಲ್ಲ ಇಲ್ಲಿಯ ಹತ್ತಿಯ ಚರಿತ್ರೆಯಲ್ಲಿ ಬಿದ್ದಿದೆ. ಗೆದ್ದದ್ದೂ ಇದೆ, ಸೋತದ್ದು ಹೆಚ್ಚು.

1840ರ ದಶಕದಲ್ಲಿ ಈಸ್ಟ್ ಇಂಡಿಯಾ ಕಂಪನಿ ಅಮೆರಿಕದಿಂದ ತೋಟಗಾರರನ್ನೂ ನ್ಯೂ ಆರ್ಲಿಯನ್ಸ್ ಬೀಜವನ್ನೂ ತರಿಸಿ ದೇಶದ ಹಲವೆಡೆ ಬಿತ್ತಿಸಿತು. ಬಹುತೇಕ ಕಡೆ ಕೈಕೊಟ್ಟ ಆ ಬೀಜ ಧಾರವಾಡದ ನೆಲಕ್ಕೆ ಒಗ್ಗಿತು. ‘ಧಾರವಾಡ–ಅಮೆರಿಕನ್’ ಎಂಬ ತಳಿಯೇ ಹುಟ್ಟಿತು. ಅಲ್ಲಿಯತನಕ ಹೆಣ್ಣುಮಕ್ಕಳು ಚಪ್ಪಟೆ ಕಲ್ಲಿನ ಮೇಲೆ ಹತ್ತಿ ಇಟ್ಟು, ಕಬ್ಬಿಣದ ಸಲಾಕೆಯನ್ನು ಅಂಗಾಲಿನಿಂದ ಉರುಳಿಸಿ ಬೀಜ ಬೇರ್ಪಡಿಸುತ್ತಿದ್ದರು. ಹೊಸ ತಳಿಯ ಬೀಜಕ್ಕೆ ಅರಳೆ ಬಿಗಿಯಾಗಿ ಅಂಟಿರುವುದರಿಂದ ಆ ಕಲ್ಲು, ಸಲಾಕೆ ಸಾಲದಾದವು. ಗರಗಸದ ಹಲ್ಲಿನ ಜಿನ್ನು ಬಂತು, ಅದರ ರಿಪೇರಿಗೆ ಧಾರವಾಡದಲ್ಲಿ ಕಾರ್ಖಾನೆ ಬಂತು. ಹೆಣ್ಣುಮಕ್ಕಳ ಕೂಲಿ ಜಿನ್ನಿನ ಒಡೆಯನ ಪಾಲಾಯಿತು.

1861ರಲ್ಲಿ ಅಮೆರಿಕದ ಅಂತರ್ಯುದ್ಧ ಶುರುವಾಗಿ ಲ್ಯಾಂಕಾಶೈರ್ ಗಿರಣಿಗಳಿಗೆ ಅಲ್ಲಿಯ ಹತ್ತಿ ನಿಂತಾಗ ಇಲ್ಲಿಯ ದರ ಗಗನಕ್ಕೇರಿತು. ಆಸೆಗೆ ಬಿದ್ದವರು ಹತ್ತಿಯಲ್ಲಿ ಕಲಬೆರಕೆ ಮಾಡತೊಡಗಿದರು. ತಡೆಯಲು ಮುಂಬೈ ಸರ್ಕಾರ 1863ರಲ್ಲಿ ಕಾಯ್ದೆಯನ್ನೇ ತರಬೇಕಾಯಿತು. 1865ರಲ್ಲಿ ಯುದ್ಧ ಮುಗಿಯಿತು, ದರ ನೆಲ ಕಚ್ಚಿತು. ಬಾಂಬೆ ಬ್ಯಾಂಕೇ ಆ ಹೊಡೆತಕ್ಕೆ ಮುಳುಗಿತೆಂದ ಮೇಲೆ ಸಾಲ ಮಾಡಿ ಹತ್ತಿ ಹಾಕಿದ ರೈತನ ಪಾಡು ಹೇಳಬೇಕಿಲ್ಲ. ಎಲ್ಲೋ ಏಳು ಸಮುದ್ರದಾಚೆ ಗುಂಡು ಹಾರಿದರೆ ನವಲಗುಂದದ ಹೊಲದಲ್ಲಿ ದರ ಏರುವುದು, ಅಲ್ಲಿ ರಾಜಿಯಾದರೆ ಇಲ್ಲಿ ಇಳಿಯುವುದು: ಈ ಆಟ ನಮ್ಮ ರೈತನಿಗೆ ಆಗಲೇ ಪರಿಚಯವಾಗಿತ್ತು. ಜಾಗತೀಕರಣ 1991ರಲ್ಲಿ ಬಂತು ಎನ್ನುವವರು ಕುಮಟೆಯ ಹಳೆಯ ಬಂದರನ್ನೊಮ್ಮೆ ನೋಡಿ ಬರಬೇಕು.

ಮೊದಲ ಎದಿರೇಟು ಬಂದದ್ದು ಸಾಲದ ಕಡೆಯಿಂದ. 1905ರಲ್ಲಿ ಗದಗ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ಅದು ದೇಶದಲ್ಲೇ ಮೊದಲನೆಯದೆಂದು ಸಹಕಾರ ಚಳವಳಿಯವರು ಇಂದಿಗೂ ಅಲ್ಲಿಗೆ ಹೋಗಿ ಹಾರ ಹಾಕುತ್ತಾರೆ. ಹಾರದ ಗದ್ದಲದಲ್ಲಿ ಮರೆತುಹೋಗುವುದು ಹತ್ತು ವರ್ಷದ ನಂತರದ ಇನ್ನೊಂದು ಪ್ರಯತ್ನ. 1915ರಲ್ಲಿ ಹುಬ್ಬಳ್ಳಿಯಲ್ಲಿ ಹತ್ತಿ ಮಾರಾಟದ ಸಹಕಾರ ಸಂಘ ಹುಟ್ಟಿತು. ಸುಧಾರಿತ ಹತ್ತಿ ಬೆಳೆಯಲು ಉತ್ತೇಜನ ಕೊಡುವುದು, ಬೆಳೆದದ್ದನ್ನು ಎಲ್ಲರೂ ಸೇರಿ ಮಾರುವುದು ಅದರ ಉದ್ದೇಶ. ಭಾರತದ ಸಹಕಾರ ಮಾರಾಟದ ಚರಿತ್ರೆ ಬರೆದ ಹಲವರು ಮೊದಲ ಹೆಜ್ಜೆ ಎಂದು ಗುರುತಿಸುವುದು ಇದನ್ನೇ. ಬೆನ್ನಿಗೆ ಗದಗದಲ್ಲೂ ಅಂಥದ್ದೇ ಸಂಘ ಬಂತು.

ನನ್ನ ಮಟ್ಟಿಗೆ ಕಣಗಿನಹಾಳಕ್ಕಿಂತ ಹುಬ್ಬಳ್ಳಿಯ ಪ್ರಯತ್ನ ದೊಡ್ಡದು. ಸಾಹುಕಾರನ ಬಡ್ಡಿಯಿಂದ ಬಿಡಿಸಿಕೊಳ್ಳುವುದು ಒಂದು ತೂಕವಾದರೆ, ದಲಾಲನ ಅಂಗಡಿಯಲ್ಲಿ ಯಾರದೋ ತಕ್ಕಡಿಗೆ, ಯಾರೋ ಕೂಗಿದ ದರಕ್ಕೆ ಮಾಲು ಬಿಟ್ಟು ಬರುವುದನ್ನು ತಪ್ಪಿಸುವುದು ಇನ್ನೊಂದು ತೂಕ. ಸಂಘದಲ್ಲಿ ಹತ್ತಿಗೆ ದರ್ಜೆ ಹಾಕಿ, ಸವಾಲು ಕರೆದು, ರಾಶಿಯಾಗಿ ಮಾರಿದಾಗ ಒಬ್ಬ ರೈತನಿಗಿಲ್ಲದ ಗತ್ತು ನೂರು ರೈತರಿಗೆ ಬರುತ್ತದೆ. ಮುಂದೆ ಕೆ.ಎಚ್. ಪಾಟೀಲರು ಹುಲಕೋಟಿಯಲ್ಲಿ ಸಹಕಾರಿ ನೂಲಿನ ಗಿರಣಿ ಕಟ್ಟಿದ್ದು ಈ ದಾರಿಯ ಮುಂದಿನ ಮಜಲು. ಹತ್ತಿ ಮಾರಿದರೆ ಸಾಲದು, ನೂಲಿನ ಲಾಭವೂ ಬೆಳೆದವನಿಗೇ ಬರಲಿ ಎಂಬ ಲೆಕ್ಕ.

ಆದರೆ ದಲಾಲನ ತಕ್ಕಡಿಯ ಮೇಲೆ ಎಲ್ಲರ ಕಣ್ಣು ನೆಟ್ಟಿದ್ದಾಗ ಹಿಡಿತ ಬೀಜದ ಕಡೆ ಸರಿಯುತ್ತಿತ್ತು.

ಬೀಜದ ಕತೆ ಶುರುವಾದದ್ದು ಚೆನ್ನಾಗಿಯೇ. ಧಾರವಾಡದಲ್ಲಿ ಜಿ.ಎಲ್. ಕೊಟ್ಟೂರರು ಕುಮಟಾ ಹತ್ತಿಯನ್ನೇ ಆಯ್ದು, ತಿದ್ದಿ ಜಯವಂತ ಎಂಬ ತಳಿ ತೆಗೆದರು. ಆಮೇಲೆ ಜಯಧರ ಬಂತು. ಇವು ಜವಾರಿ ಜಾತಿ. ಎಳೆ ಗಿಡ್ಡ, ಇಳುವರಿ ಸಾಧಾರಣ. ಆದರೆ ಹಿಂಗಾರಿಗೆ ಬಿತ್ತಿ ಬಂದರೆ ಎರೆಮಣ್ಣಿನ ಹಸಿಯಲ್ಲೇ ಬೇಸಿಗೆಯತನಕ ನಿಂತು ಕಾಯಿ ಕೊಡುವ ಗಟ್ಟಿ ಗಿಡ. ಕೀಟದ ಕಾಟ ಕಡಿಮೆ, ಬೀಜ ಮನೆಯದೇ. ಜಿನ್ನಿನಿಂದ ಬಂದ ಬೀಜದಲ್ಲಿ ಬಿತ್ತಲು ಬೇಕಾದಷ್ಟು ತೆಗೆದಿಟ್ಟು ಉಳಿದದ್ದನ್ನು ಎತ್ತಿಗೆ, ಎಮ್ಮೆಗೆ ಹಾಕುತ್ತಿದ್ದರು.

1972ರಲ್ಲಿ ಧಾರವಾಡದ ಸಂಶೋಧನಾ ಕೇಂದ್ರದಲ್ಲಿ ಬಿ.ಎಚ್. ಕಾತರಕಿಯವರು ವರಲಕ್ಷ್ಮಿಯನ್ನು ಬಿಡುಗಡೆ ಮಾಡಿದರು. ಎರಡು ಬೇರೆ ಬೇರೆ ಪ್ರಭೇದದ ಹತ್ತಿಯನ್ನು ಕೂಡಿಸಿ ವಾಣಿಜ್ಯ ಬೆಳೆಯಾಗಿಸಿದ ಜಗತ್ತಿನ ಮೊದಲ ಹೈಬ್ರಿಡ್ ಅದು. ಈಜಿಪ್ಟಿನ ಹತ್ತಿಗೆ ಸರಿಗಟ್ಟುವ ಉದ್ದ ಎಳೆ. ಧಾರವಾಡದ ಹೆಮ್ಮೆ ಸಣ್ಣದಲ್ಲ, ಸುಳ್ಳೂ ಅಲ್ಲ. ಆದರೆ ಹೈಬ್ರಿಡ್ ಬೀಜವನ್ನು ಮನೆಯಲ್ಲಿ ಉಳಿಸಿ ಬಿತ್ತುವಂತಿಲ್ಲ, ವರ್ಷವೂ ಕೊಳ್ಳಬೇಕು. ಆ ಬೀಜ ತಯಾರಾಗುವ ರೀತಿಯೂ ತಿಳಿದಿರಲಿ. ಸಂಜೆ ಮೊಗ್ಗು ಬಿಡಿಸಿ ಗಂಡು ಭಾಗವನ್ನು ಉಗುರಿನಿಂದ ಕಿತ್ತು, ಮರುದಿನ ಬೆಳಿಗ್ಗೆ ಇನ್ನೊಂದು ತಳಿಯ ಪರಾಗ ಮುಟ್ಟಿಸಬೇಕು. ಹೂವೊಂದಕ್ಕೆ ಎರಡು ಸಲ ಕೈಯಾಡಬೇಕು. ರಾಣೆಬೆನ್ನೂರು, ಹಾವೇರಿ ಕಡೆಯ ಬೀಜದ ಹೊಲಗಳಲ್ಲಿ ಈ ಕೆಲಸ ಮಾಡಿದ್ದು ಹೆಂಗಸರು ಮತ್ತು ಶಾಲೆ ಬಿಟ್ಟ ಹುಡುಗಿಯರು. ವಿಜ್ಞಾನದ ಚರಿತ್ರೆಯಲ್ಲಿ ಅವರ ಹೆಸರು ಹುಡುಕಿದರೂ ಸಿಗದು.

ಅದೇ ಹೊತ್ತಿಗೆ ನವಿಲುತೀರ್ಥದ ಅಣೆಕಟ್ಟಿನಿಂದ ಮಲಪ್ರಭೆಯ ಕಾಲುವೆ ಬಂತು. ನೀರಿನ ಜೊತೆ ವರಲಕ್ಷ್ಮಿ, ವರಲಕ್ಷ್ಮಿಯ ಜೊತೆ ಗೊಬ್ಬರ, ಔಷಧ, ಬ್ಯಾಂಕಿನ ಸಾಲ. ಮೊದಲ ವರ್ಷಗಳಲ್ಲಿ ನರಗುಂದ, ನವಲಗುಂದದಲ್ಲಿ ಹಣ ಓಡಾಡಿತು. ಎಪ್ಪತ್ತರ ದಶಕದ ಕೊನೆಗೆ ಹತ್ತಿಯ ದರ ಕುಸಿಯಿತು. ಎರೆಭೂಮಿಗೆ ನೀರು ಹೆಚ್ಚಾಗಿ ಕೆಲವೆಡೆ ಜವಳು ಹಿಡಿಯಿತು. ಎಲ್ಲ ಹೊಲಕ್ಕೂ ನೀರು ಮುಟ್ಟುವ ಮೊದಲೇ ನೀರಾವರಿಯಿಂದ ಭೂಮಿಯ ಬೆಲೆ ಏರಿತೆಂದು ಸರ್ಕಾರ ಬೆಟರ್‌ಮೆಂಟ್ ಲೆವಿ ಎಂಬ ಕರ ಕೇಳಿತು, ನೀರಿನ ಕರದ ಬಾಕಿಯನ್ನೂ ಕೇಳಿತು. 1980ರ ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ರೈತರು ಸರ್ಕಾರಿ ಕಚೇರಿಗಳಿಗೆ ಮುತ್ತಿಗೆ ಹಾಕಿದರು. ಗೋಲಿಬಾರು ನಡೆಯಿತು, ರೈತರು ಸತ್ತರು, ಸಿಟ್ಟಿಗೆದ್ದ ಗುಂಪಿನ ಕೈಗೆ ಸಿಕ್ಕ ಪೊಲೀಸರೂ ಸತ್ತರು. ಆ ಬೆಂಕಿ ರಾಜ್ಯವೆಲ್ಲ ಹಬ್ಬಿ, ಎಚ್.ಎಸ್. ರುದ್ರಪ್ಪ, ಎನ್.ಡಿ. ಸುಂದರೇಶ್, ಎಂ.ಡಿ. ನಂಜುಂಡಸ್ವಾಮಿಯವರ ರೈತ ಸಂಘ ಹುಟ್ಟಿತು. ಪ್ರತಿವರ್ಷ ಜುಲೈ 21ಕ್ಕೆ ಹುತಾತ್ಮ ರೈತರ ಸ್ಮಾರಕಕ್ಕೆ ಎಲ್ಲ ಪಕ್ಷದವರೂ ಹೂವು ತರುತ್ತಾರೆ.

ನರಗುಂದ ಬಂಡಾಯವನ್ನು ಕರದ ವಿರುದ್ಧದ ದಂಗೆಯೆಂದಷ್ಟೇ ಓದಿದರೆ ಅರ್ಧ ಓದಿದಂತೆ. ಇಳುವರಿ ಹೆಚ್ಚಿದರೂ, ನೀರು ಬಂದರೂ, ತಳಿ ಜಗತ್ತಿನಲ್ಲೇ ಮೊದಲನೆಯದಾದರೂ, ಬೀಜ ಕೊಳ್ಳುವಾಗಲೂ ಹತ್ತಿ ಮಾರುವಾಗಲೂ ಬೇರೆಯವರು ಹೇಳಿದ ದರಕ್ಕೆ ತಲೆಯಾಡಿಸುವವನಾಗಿ ರೈತ ಉಳಿದಿದ್ದ. ಉತ್ಪಾದನೆ ಹೆಚ್ಚಿಸಿದರೆ ಬಡತನ ತಾನಾಗಿ ಹೋಗುತ್ತದೆ ಎನ್ನುವ ಅರ್ಥಶಾಸ್ತ್ರಕ್ಕೆ ಮಲಪ್ರಭೆಯ ದಂಡೆಯಲ್ಲಿ ಸಿಕ್ಕ ಉತ್ತರ ಅದು.

ಕಾಯಿಕೊರಕವನ್ನು ತಡೆಯುವ ವಂಶವಾಹಿ ಸೇರಿಸಿದ ಬಿ.ಟಿ. ಹತ್ತಿಯ ಭಾಗವನ್ನು ಉದ್ದ ಮಾಡುವುದಿಲ್ಲ, ಎಲ್ಲರಿಗೂ ಗೊತ್ತಿರುವುದೇ. 1998ರಲ್ಲಿ ರೈತ ಸಂಘದವರು ರಾಯಚೂರು, ಬಳ್ಳಾರಿ ಕಡೆಯ ಪ್ರಯೋಗದ ಹೊಲಗಳಿಗೆ ಬೆಂಕಿ ಇಟ್ಟರು. 2002ರ ಮಾರ್ಚಿನಲ್ಲಿ ಕೇಂದ್ರ ಒಪ್ಪಿಗೆ ಕೊಟ್ಟಿತು. ಕೆಲವೇ ವರ್ಷಗಳಲ್ಲಿ ಹೊಲವೆಲ್ಲ ಅದೇ ಆಯಿತು. ಇದರಲ್ಲಿ ಧಾರವಾಡದ ಪಾತ್ರ ಮಾತ್ರ ಹೇಳಬೇಕು. ಖಾಸಗಿ ಕಂಪನಿಗೆ ಸರ್ಕಾರಿ ಪರ್ಯಾಯ ಬೇಕೆಂದು ನಾಗಪುರದ ಕೇಂದ್ರೀಯ ಹತ್ತಿ ಸಂಶೋಧನಾ ಸಂಸ್ಥೆ ಮತ್ತು ಧಾರವಾಡ ಕೃಷಿ ವಿಶ್ವವಿದ್ಯಾಲಯ ಕೂಡಿ ‘ಬಿಕಾನೇರಿ ನರ್ಮಾ ಬಿ.ಟಿ.’ ತಯಾರಿಸಿದವು. ಅದು ಹೈಬ್ರಿಡ್ ಅಲ್ಲ, ರೈತ ತನ್ನ ಬೀಜವನ್ನು ತಾನೇ ಉಳಿಸಿಕೊಳ್ಳಬಹುದಾದ ತಳಿ. ರೈತರ ಕೈ ಸೇರಿದ ಸ್ವಲ್ಪದರಲ್ಲೇ ವಾಪಸು ಪಡೆಯಬೇಕಾಯಿತು. ಅದರಲ್ಲಿ ಮಾನ್ಸಾಂಟೊ ಕಂಪನಿಯ ವಂಶವಾಹಿ ಸೇರಿರುವುದನ್ನು ತನಿಖೆಗೆ ನೇಮಿಸಿದ್ದ ಸೋಪೋರಿ ಸಮಿತಿ 2012ರಲ್ಲಿ ತನ್ನ ವರದಿಯಲ್ಲಿ ಹೇಳಿತು. ಸಾರ್ವಜನಿಕ ವಿಜ್ಞಾನ ತನ್ನ ಕಾಲ ಮೇಲೆ ನಿಲ್ಲಬಹುದಾಗಿದ್ದ ಜಾಗದಲ್ಲಿ ಹೀಗೆ ಎಡವಿದ್ದಕ್ಕೆ ಬೆಲೆ ತೆತ್ತದ್ದು ಪ್ರಯೋಗಾಲಯವಲ್ಲ, ಬೀಜದಂಗಡಿಯ ಮುಂದೆ ನಿಂತವನು.

ಬಟ್ಟೆಯ ದಾರಿ ಹತ್ತಿಯದೊಂದೇ ಅಲ್ಲವಲ್ಲ. ಎಂಬತ್ತರ ದಶಕದಲ್ಲಿ ಮರದ ತಿರುಳಿನಿಂದ ನೂಲು ಮಾಡುವ ಉದ್ದಿಮೆಗಾಗಿ ಸರ್ಕಾರ ಮತ್ತು ಹರಿಹರ ಪಾಲಿಫೈಬರ್ಸ್ ಕೂಡಿ ಕರ್ನಾಟಕ ಪಲ್ಪ್‌ವುಡ್ ಎಂಬ ಜಂಟಿ ಕಂಪನಿ ಮಾಡಿಕೊಂಡವು. ನೀಲಗಿರಿ ಬೆಳೆಸಲು ಅದಕ್ಕೆ ಕೊಡಹೊರಟದ್ದು ಹಳ್ಳಿಗರ ದನ ಮೇಯುವ, ಸೌದೆ ಸಿಗುವ ಸಾಮೂಹಿಕ ಭೂಮಿ, ಸುಮಾರು 75,000 ಎಕರೆ. ಧಾರವಾಡದ ಸಮಾಜ ಪರಿವರ್ತನ ಸಮುದಾಯ ಎದ್ದು ನಿಂತಿತು. ಎಸ್.ಆರ್. ಹಿರೇಮಠರು ಸಂಘಟಿಸಿದರು, ಶಿವರಾಮ ಕಾರಂತರು ಸುಪ್ರೀಂ ಕೋರ್ಟಿನ ಅರ್ಜಿಗೆ ಹೆಸರು ಕೊಟ್ಟರು. 1987ರ ನವೆಂಬರ್ 14ರಂದು ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ ಜನ ನೀಲಗಿರಿ ಸಸಿ ಕಿತ್ತು, ಊರಿಗೆ ಬೇಕಾದ ಸಸಿ ನೆಟ್ಟರು. ‘ಕಿತ್ತಿಕೋ–ಹಚ್ಚಿಕೋ’ ಎಂದೇ ಅದು ಹೆಸರಾಯಿತು. 1991ರಲ್ಲಿ ಕಂಪನಿ ಬಾಗಿಲು ಹಾಕಿತು. ನಾನು ಹೇಳುತ್ತಿರುವ ಸರಣಿಯಲ್ಲಿ ಪೂರ್ತಿ ಗೆದ್ದದ್ದು ಇದೊಂದೇ ಇರಬೇಕು. ಗೆದ್ದದ್ದಕ್ಕೆ ಕಾರಣವೂ ಸರಳ: ಭೂಮಿ ಆಗಲೂ ಊರವರ ಕಾಲಡಿಯೇ ಇತ್ತು, ಕಿತ್ತ ಜಾಗದಲ್ಲಿ ಏನು ಹಚ್ಚಬೇಕೆಂಬುದೂ ಅವರಿಗೆ ಗೊತ್ತಿತ್ತು.

ಈಗ ಬೆಂಗೇರಿಗೆ ಬರೋಣ. ಹುಬ್ಬಳ್ಳಿಯ ಬೆಂಗೇರಿಯಲ್ಲಿರುವ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ಸ್ಥಾಪನೆಯಾದದ್ದು 1957ರ ನವೆಂಬರ್ 1ರಂದು, ನಾಡು ಒಂದಾಗಿ ಸರಿಯಾಗಿ ವರ್ಷಕ್ಕೆ. ವೆಂಕಟೇಶ ಮಾಗಡಿ ಮತ್ತು ಅವರ ಗಾಂಧಿವಾದಿ ಸಂಗಡಿಗರು ಚದುರಿದ್ದ ಖಾದಿ ಸಂಸ್ಥೆಗಳನ್ನು ಒಂದು ಸೂರಿನಡಿ ತಂದರು. ಅದಕ್ಕೂ ಮೊದಲೇ, 1954ರಿಂದ, ಧಾರವಾಡ ತಾಲ್ಲೂಕಿನ ಗರಗದಲ್ಲಿ ರಾಷ್ಟ್ರಧ್ವಜಕ್ಕೆ ಬೇಕಾದ ಖಾದಿ ಬಟ್ಟೆ ನೇಯುತ್ತಿದ್ದರು. ಬೆಂಗೇರಿಯ ಧ್ವಜ ಘಟಕಕ್ಕೆ 2006ರಲ್ಲಿ ಭಾರತೀಯ ಮಾನಕ ಬ್ಯೂರೋದ (ಬಿಐಎಸ್) ಮಾನ್ಯತೆ ಸಿಕ್ಕಿತು. ಕೆಂಪುಕೋಟೆಯಿಂದ ಹಿಡಿದು ವಿದೇಶದ ರಾಯಭಾರ ಕಚೇರಿಯವರೆಗೆ ಹಾರುವ ಬಾವುಟ ಹುಬ್ಬಳ್ಳಿಯದು ಎಂದು ಇಲ್ಲಿಯ ರಿಕ್ಷಾದವರೂ ಹೇಳುತ್ತಾರೆ.

ಬಾವುಟ ಹೊಲಿಯುವುದೆಂದರೆ ಮೂರು ಬಣ್ಣದ ಪಟ್ಟಿ ಜೋಡಿಸುವುದು ಎಂದುಕೊಂಡವರಿಗೆ ಅಲ್ಲಿಯ ಕೆಲಸ ನೋಡಿದರೆ ತಲೆ ತಿರುಗೀತು. ಭಾರತೀಯ ಮಾನಕಗಳಲ್ಲಿ ಮೊದಲನೇ ನಂಬರಿನದೇ ಧ್ವಜದ್ದು. 1951ರದು, 1968ರಲ್ಲಿ ಪರಿಷ್ಕೃತ. ಎಳೆಯ ಎಣಿಕೆ, ಬಟ್ಟೆಯ ತೂಕ, ಬಣ್ಣದ ಗಟ್ಟಿತನ, ಹೊಲಿಗೆಯ ದೂರ, ಕೊನೆಗೆ ಹಗ್ಗ ಮತ್ತು ಮರದ ಗುಂಡಿಗೂ ನಿಯಮವಿದೆ. ಇಪ್ಪತ್ತೊಂದು ಅಡಿ ಉದ್ದದ್ದರಿಂದ ಮೇಜಿನ ಮೇಲಿಡುವ ಆರಿಂಚಿನದರವರೆಗೆ ಒಂಬತ್ತು ಅಳತೆ. ಇಪ್ಪತ್ನಾಲ್ಕು ಕಡ್ಡಿಯ ಚಕ್ರ ಬಟ್ಟೆಯ ಎರಡೂ ಬದಿಗೆ ಒಂದರ ಬೆನ್ನಿಗೊಂದು ಕೂದಲೆಳೆ ಸರಿಯದಂತೆ ಕೂರಬೇಕು. ತಪ್ಪಿದರೆ ಆ ಬಾವುಟ ತಿರಸ್ಕೃತ. ನೂಲುವುದರಿಂದ ಹೊಲಿಯುವತನಕ ಹೆಚ್ಚಿನ ಕೈಗಳು ಹೆಂಗಸರವು.

ಈ ವ್ಯವಸ್ಥೆ ನಿಂತದ್ದು ಒಂದು ವಾಕ್ಯದ ಮೇಲೆ: ರಾಷ್ಟ್ರಧ್ವಜ ಕೈಯಲ್ಲಿ ನೂತು ಕೈಯಲ್ಲಿ ನೇಯ್ದ ಬಟ್ಟೆಯದಾಗಿರಬೇಕು ಎಂಬ ಧ್ವಜ ಸಂಹಿತೆಯ ವಾಕ್ಯ. 2021ರ ಡಿಸೆಂಬರ್ 30ರಂದು ಕೇಂದ್ರ ಅದನ್ನು ತಿದ್ದಿತು. ಯಂತ್ರದ್ದೂ ಆದೀತು, ಪಾಲಿಯೆಸ್ಟರೂ ಆದೀತು. 2022ರ ಆಗಸ್ಟಿನಲ್ಲಿ ಮನೆಮನೆಯಲ್ಲೂ ಬಾವುಟ ಹಾರಿಸುವ ‘ಹರ್ ಘರ್ ತಿರಂಗಾ’ ಅಭಿಯಾನ ಬಂದಾಗ ದೇಶದಲ್ಲಿ ಹಿಂದೆಂದೂ ಇಲ್ಲದಷ್ಟು ಬಾವುಟ ಮಾರಾಟವಾದವು, ಬೆಂಗೇರಿಯಲ್ಲಿ ಪ್ರತಿಭಟನೆ ನಡೆಯಿತು. ಅಷ್ಟೊಂದು ಮನೆಗೆ ಖಾದಿ ಬಾವುಟ ಪೂರೈಸಲಾಗದು ಎಂಬ ಸರ್ಕಾರದ ವಾದದಲ್ಲಿ ಹುರುಳಿಲ್ಲದೆ ಇಲ್ಲ. ಅಷ್ಟು ಕೈ, ಅಷ್ಟು ಮಗ್ಗ ನಮ್ಮಲ್ಲಿಲ್ಲ. ಆದರೆ ಮನೆಯ ಬಾವುಟಕ್ಕೆ ಸಡಿಲ ಕೊಟ್ಟು, ಸರ್ಕಾರಿ ಕಟ್ಟಡದ ಬಾವುಟ ಖಾದಿಯದೇ ಇರಲಿ ಎಂದು ಬರೆಯಲು ಎಷ್ಟು ಶಾಯಿ ಬೇಕಿತ್ತು? ಆಗಸ್ಟ್ 16ರ ಬೆಳಿಗ್ಗೆ ಗಟಾರದಲ್ಲಿ ಸಿಕ್ಕಿಕೊಂಡ ಪಾಲಿಯೆಸ್ಟರ್ ತುಂಡುಗಳನ್ನು ಪೌರಕಾರ್ಮಿಕರು ಹೆಕ್ಕುವುದನ್ನು ನೋಡಿದವರಿಗೆ, ಅಗ್ಗ ಎನ್ನುವುದರ ಖರ್ಚನ್ನು ಯಾರು ಹೊರುತ್ತಾರೆಂದು ಬಿಡಿಸಿ ಹೇಳಬೇಕಿಲ್ಲ.

ಇಷ್ಟು ಹೇಳಿ ಖಾದಿಯನ್ನು ಪೀಠದ ಮೇಲೆ ಕೂರಿಸಿದರೆ ನೂಲುವವರಿಗೆ ಅನ್ಯಾಯ ಮಾಡಿದಂತೆ. ಖಾದಿ ಆಯೋಗ 2025ರ ಏಪ್ರಿಲ್ 1ರಿಂದ ನೂಲುವ ಕೂಲಿಯನ್ನು ಲಡಿಗೆ 12.50 ರೂಪಾಯಿಯಿಂದ 15 ರೂಪಾಯಿಗೆ ಏರಿಸಿತು. ಲಡಿ ಅಂದರೆ ಸಾವಿರ ಮೀಟರ್ ನೂಲು. ದಿನಕ್ಕೆ ಹದಿನೈದು ಲಡಿ ನೂತರೂ ಕೈಗೆ 225 ರೂಪಾಯಿ. ಹೊಲದ ಕೂಲಿಗೂ ಇದಕ್ಕೂ ಹೋಲಿಸಿ ನೋಡಿದ ಹೆಣ್ಣುಮಗಳು ಚರಕ ಬಿಟ್ಟು ಎದ್ದರೆ ಅವಳಿಗೆ ಗಾಂಧಿಯನ್ನು ನೆನಪಿಸುವ ಹಕ್ಕು ನಮಗಿಲ್ಲ. ಇನ್ನೊಂದು ಮಾತು. ಕರ್ನಾಟಕದ ಖಾದಿ ಸಂಸ್ಥೆಗಳು ನೂಲುವ ಹಂಜಿ ಚಿತ್ರದುರ್ಗದಲ್ಲಿರುವ ಆಯೋಗದ ಘಟಕದಿಂದ ಬರುತ್ತದೆ. ಅಂದರೆ ಬೆಂಗೇರಿಯ ಬಾವುಟಕ್ಕೂ ಹತ್ತಿರದ ನವಲಗುಂದದ ಹೊಲಕ್ಕೂ ನೇರ ಸಂಬಂಧವಿಲ್ಲ. ನೂಲುವವರು ಸಂಸ್ಥೆಯ ಒಡೆಯರಲ್ಲ, ತುಂಡುಗೂಲಿಯವರು. ಕೊಳ್ಳುವವನು ಬಹುಪಾಲು ಒಬ್ಬನೇ, ಸರ್ಕಾರ. ಕಚ್ಚಾ ಮಾಲು ಕೈಯಲ್ಲಿಲ್ಲ, ಒಡೆತನ ಕೈಯಲ್ಲಿಲ್ಲ, ಗಿರಾಕಿಯೂ ಕೈಯಲ್ಲಿಲ್ಲ. ಮೂರು ಕಾಲು ಮುರಿದ ಮಂಚದಂತೆ ಅದು ನಿಯಮವೊಂದರ ಮೇಲೆ ನಿಂತಿತ್ತು.

ಒಡೆತನವೊಂದೇ ಸಾಕೇ ಎಂದರೆ ಅದೂ ಸಾಲದು. ಬೆಂಗೇರಿ ಹುಟ್ಟುವ ಹಿಂದಿನ ವರ್ಷ, 1956ರಲ್ಲಿ, ಸ್ಪೇನಿನ ಬಾಸ್ಕ್ ಸೀಮೆಯ ಮೊಂಡ್ರಾಗಾನ್ ಎಂಬ ಸಣ್ಣ ಊರಿನಲ್ಲಿ ಪಾದ್ರಿಯೊಬ್ಬರ ಶಿಷ್ಯರು ಸೀಮೆಎಣ್ಣೆ ಒಲೆ ಮಾಡುವ ಕಾರ್ಖಾನೆ ತೆರೆದರು. ದುಡಿಯುವವರೇ ಪಾಲುದಾರರು, ಒಬ್ಬರಿಗೆ ಒಂದು ಮತ. ಈಗ ಅದು ಹತ್ತಾರು ಸಾವಿರ ಜನರ ಕೂಟ. ತಮ್ಮದೇ ತಾಂತ್ರಿಕ ಶಾಲೆ ಅವರಿಗೆ ಮೊದಲೇ ಇತ್ತು, ಬೇಗನೆ ತಮ್ಮದೇ ಬ್ಯಾಂಕನ್ನೂ ಮಾಡಿಕೊಂಡರು. ನಮ್ಮಲ್ಲಿ ಸಾಗರದ ಬಳಿಯ ಭೀಮನಕೋಣೆಯಲ್ಲಿ ರಂಗಕರ್ಮಿ ಪ್ರಸನ್ನರ ಪ್ರೇರಣೆಯಿಂದ ಬೆಳೆದ ಚರಕ ಮಹಿಳಾ ಸಹಕಾರಿಯಲ್ಲೂ ದುಡಿಯುವ ಹೆಂಗಸರೇ ಒಡತಿಯರು. ಮಾರಾಟಕ್ಕೆ ‘ದೇಸಿ’ ಅಂಗಡಿಗಳಿದ್ದವು. ಗಿರಾಕಿ ಸರ್ಕಾರವಲ್ಲ, ಊರೂರಿನ ಓದುಬರಹದ ಜನ. ಕೈಯಿಂದ ಮಾಡಿದ್ದಕ್ಕೆ ತೆರಿಗೆ ಬೇಡವೆಂದು ಪ್ರಸನ್ನ 2017ರಲ್ಲಿ ಉಪವಾಸವನ್ನೂ ಕೂತರು. ಆದರೂ 2020ರಲ್ಲಿ ಚರಕ ತಾನು ದಿವಾಳಿಯೆಂದು ಬಹಿರಂಗವಾಗಿ ಹೇಳಬೇಕಾಯಿತು. ಕಷ್ಟದ ವರ್ಷಕ್ಕೆ ಆಸರೆಯಾಗುವ ಹಣದ ಮೂಲ ಹತ್ತಿರ ಇರಲಿಲ್ಲ. ಹುಬ್ಬಳ್ಳಿ–ಧಾರವಾಡ ಸೀಮೆಯಲ್ಲಾದರೋ ಕಣಗಿನಹಾಳದ ಪತ್ತಿನ ಸಂಘ, ಹುಬ್ಬಳ್ಳಿಯ ಮಾರಾಟದ ಸಂಘ, ಹುಲಕೋಟಿಯ ಗಿರಣಿ, ಧಾರವಾಡದ ತಳಿಕೇಂದ್ರ, ಬೆಂಗೇರಿಯ ಖಾದಿ ಎಲ್ಲ ಎರಡು ತಾಸಿನ ದಾರಿಯೊಳಗೆ ಇದ್ದವು. ಒಂದಕ್ಕೊಂದು ಕೈ ಹಿಡಿಯಲಿಲ್ಲ. ಒಂದೊಂದೂ ಒಂದೊಂದು ಕಾಲದಲ್ಲಿ ಒಂಟಿಯಾಗಿ ಹೊಡೆತ ತಿಂದವು.

ಹೊಡೆತ ಬೀಳುವ ರೀತಿ ಬದಲಾಗಿಲ್ಲ. 2025ರ ಆಗಸ್ಟ್ 19ರಿಂದ ಕೇಂದ್ರ ಹತ್ತಿಯ ಮೇಲಿನ ಶೇ 11ರ ಆಮದು ಸುಂಕ ತೆಗೆಯಿತು. ಮೊದಲು ಸೆಪ್ಟೆಂಬರ್ ಕೊನೆಯವರೆಗೆ ಎಂದಿದ್ದದ್ದು ಡಿಸೆಂಬರ್ ಕೊನೆಗೆ ಹೋಯಿತು, ಅಂದರೆ ನಮ್ಮ ಹೊಸ ಹತ್ತಿ ಅಮರಗೋಳದ ಎಪಿಎಂಸಿಗೆ ಬರುವ ಹೊತ್ತಿಗೆ ಸರಿಯಾಗಿ. ಆ ಸಾಲಿನ ಬೆಂಬಲ ಬೆಲೆ ಮಧ್ಯಮ ಎಳೆಗೆ ಕ್ವಿಂಟಲಿಗೆ 7,710, ಉದ್ದ ಎಳೆಗೆ 8,110 ರೂಪಾಯಿ. ಭಾರತೀಯ ಹತ್ತಿ ನಿಗಮದ ಖರೀದಿ ಕೇಂದ್ರ ತೆರೆದು, ತೇವಾಂಶದ ಮಿತಿಯೊಳಗೆ ಮಾಲು ಬಂದರೆ ಆ ಬೆಲೆ. ಇಲ್ಲದಿದ್ದರೆ ಪೇಟೆಯ ದರ.

ಬದಲಾವಣೆ ಎಲ್ಲಿಂದ ಶುರುಮಾಡಬಹುದು ಎಂದು ಕೇಳಿದರೆ ನಾನು ಬಾವುಟದಿಂದ ಅಲ್ಲ, ಶಾಲೆಯ ಅಂಗಿಯಿಂದ ಎನ್ನುತ್ತೇನೆ. ಕೈಮಗ್ಗ ಅಭಿವೃದ್ಧಿ ನಿಗಮದ ಕಚೇರಿ ಹುಬ್ಬಳ್ಳಿಯಲ್ಲೇ ಇದೆ. ವಿದ್ಯಾವಿಕಾಸ ಯೋಜನೆಯ ಸಮವಸ್ತ್ರದ ಬಟ್ಟೆಯನ್ನು ಅದು ನೇಕಾರರಿಂದ ನೇಯಿಸಿದೆ. ಅದೇ ಬಟ್ಟೆಗೆ ಈ ಜಿಲ್ಲೆಗಳ ಹತ್ತಿಯನ್ನೇ ಬಳಸುವ ಕರಾರು ಸೇರಿಸಬಹುದು. ಜಯಧರದಂಥ ಜವಾರಿ ಹತ್ತಿಯ ದಪ್ಪ ನೂಲು ಮಕ್ಕಳ ಚಡ್ಡಿಗೆ, ಲಂಗಕ್ಕೆ ತಕ್ಕುದೇ. ಬಿತ್ತುವ ಮೊದಲೇ ದರ ಗೊತ್ತಿದ್ದರೆ ಹಿಂಗಾರಿಗೆ ನಾಲ್ಕೆಕರೆ ಜವಾರಿ ಹಾಕಿ ನೋಡುವ ರೈತರು ನವಲಗುಂದ, ಕುಂದಗೋಳದಲ್ಲಿ ಸಿಗುತ್ತಾರೆ. ನೂಲುವವರನ್ನು, ನೇಯುವವರನ್ನು ಸಂಘದ ಮತದಾರ ಸದಸ್ಯರನ್ನಾಗಿ ಮಾಡಬೇಕೆಂಬುದನ್ನು ಖರೀದಿಯ ಷರತ್ತಾಗಿಯೇ ಬರೆಯಬಹುದು. ಮುಂಗಡ ಹಣ ಜಿಲ್ಲೆಯ ಸಹಕಾರಿ ಬ್ಯಾಂಕಿನಿಂದ ಬರಲಿ. ಬಾವುಟಕ್ಕೆ ಗಿರಾಕಿ ಬರುವುದು ಆಗಸ್ಟ್ ಮತ್ತು ಜನವರಿಯ ಮುಂಚೆ, ಶಾಲೆ ತೆರೆಯುವುದು ಜೂನಿಗೆ. ಫೆಬ್ರವರಿಯಿಂದ ಮೇವರೆಗಿನ ಖಾಲಿ ತಿಂಗಳುಗಳಲ್ಲಿ ಗರಗ, ಬೆಂಗೇರಿಯ ಮಗ್ಗಗಳಿಗೆ ಕೆಲಸ ಸಿಗುತ್ತದೆ.